ದೊಡ್ಡವ್ವ ಸುತ್ತಿದ ಸುರುಳಿ

ರಬಕವಿಯಿಂದ ಫೋನ್ ಬಂದಾಗ ನಾನು ಜಮಖಂಡಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಮೊದಲ ವರ್ಷದ ಮಕ್ಕಳಿಗೆ ಬ್ಯೂರೆಟ್ ಹಿಡಿಯುವುದನ್ನು ತೋರಿಸುತ್ತಿದ್ದೆ. "ಸರ್, ನಮ್ಮತ್ತಿ ಮುಂಜಾನೆ ಹೋದ್ರು. ಮೂರ ಗಂಟೇಕ ಮಣ್ಣ ಐತಿ. ನಿಮಗ ತಿಳಸಬೇಕಂತ ಅನಿಸ್ತು," ಎಂದಳು ದೊಡ್ಡವ್ವನ ಸೊಸೆ. ಆಕೆಯ ದನಿಯಲ್ಲಿ ಅಳುವಿರಲಿಲ್ಲ. ಆ ಮನೆಯಲ್ಲಿ ಜೋರಾಗಿ ಅಳುವ ರೂಢಿಯೇ ಇರಲಿಲ್ಲ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಅವರನ್ನು ಅಂಗಳದಲ್ಲಿ ಕೂರಿಸಿ ಹೂವು ಏರಿಸಿದ್ದರು. ಓಣಿಯ ಹೆಣ್ಣುಮಕ್ಕಳು, ಮಗ್ಗದವರು, ನೂಲಿನ ವ್ಯಾಪಾರಿಗಳು ಸೇರಿದ್ದರು. ಪ್ಯಾಂಟು ಶರ್ಟು ಹಾಕಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದ ನನ್ನನ್ನು ನೋಡಿ ಹಿರಿಯರೊಬ್ಬರು ಕೇಳಿದರು.

"ನೀವು ಯಾವ ಕಡೆಯವರ್ರೀ? ಬೀಗರೇನು?"

"ಅಲ್ರಿ. ನಾ ಜಮಖಂಡಿ ಕಾಲೇಜಿನ್ಯಾಗ ಮಾಸ್ತರ. ನನಗ ಅವರು ಒಂದು ಕಾಲಂ ಸುತ್ತಿ ಕೊಟ್ಟಿದ್ರು."

ಹಿರಿಯರು ತಲೆಯಾಡಿಸಿದರು. ಏನೂ ತಿಳಿದಿರಲಿಲ್ಲ, ಆದರೆ ಸಾವಿನ ಮನೆಯಲ್ಲಿ ಎರಡನೆಯ ಪ್ರಶ್ನೆ ಕೇಳುವುದು ಸರಿಯಲ್ಲವೆಂದು ಸುಮ್ಮನಾದರು. ಅವರಿಗೆ ಹೇಳಬೇಕಾಗಿದ್ದುದು ಬಹಳವಿತ್ತು. ಅದನ್ನು ಈಗ ಬರೆಯುತ್ತಿದ್ದೇನೆ.

ದೊಡ್ಡವ್ವ ಎನ್ನುವುದು ಅವರ ಹೆಸರಲ್ಲ. ಮಗ್ಗದ ಮನೆಯ ಹೆಂಗಸರೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಕೆಲಸ ಕಂಡಿಕೆ ಸುತ್ತುವುದು. ನೇಯುವಾಗ ಅಡ್ಡಡ್ಡ ಓಡಾಡುವ ಲಾಳಿಯ ಹೊಟ್ಟೆಯೊಳಗೆ ನೂಲು ಸುತ್ತಿದ ಒಂದು ಸಣ್ಣ ಕೊಳವೆ ಇರುತ್ತದಲ್ಲ, ಅದೇ ಕಂಡಿಕೆ. ಅದರ ಸುತ್ತು ಸಡಿಲಾದರೆ ನೂಲು ಉದುರಿ ಗೋಜಲಾಗುತ್ತದೆ, ಬಿಗಿಯಾದರೆ ನೇಯ್ಗೆಯ ಮಧ್ಯೆ ಹರಿಯುತ್ತದೆ. ದೊಡ್ಡವ್ವ ಏಳು ವರ್ಷದವರಿದ್ದಾಗಿನಿಂದ ಅದನ್ನೇ ಮಾಡುತ್ತ ಬಂದಿದ್ದರು. ನಾನು ಕಂಡಾಗ ಅರವತ್ತರ ಹತ್ತಿರ ಇದ್ದರು. ತೆಳ್ಳಗಿನ ಎತ್ತರದ ಹೆಂಗಸು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವ ಮೊದಲು ಸೆರಗಿಗೆ ಎರಡೂ ಕೈ ಒರೆಸಿಕೊಳ್ಳುತ್ತಿದ್ದರು. ಕೈಗೆ ಏನೂ ಹತ್ತಿರುತ್ತಿರಲಿಲ್ಲ. ಹಾಗೆ ಒರೆಸಿಕೊಳ್ಳುವಷ್ಟು ಹೊತ್ತು ಅವರು ವಿಚಾರ ಮಾಡುತ್ತಿದ್ದರು ಎಂದು ಆಮೇಲೆ ನನಗೆ ಅರ್ಥವಾಯಿತು.

ನನ್ನ ಕೆಲಸವೇನೆಂಬುದನ್ನೂ ಸ್ವಲ್ಪ ಹೇಳಬೇಕು. ನಲವತ್ತು ದಾಟಿದ ಮೇಲೆ ನಾನು ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ವಿಷಯ ನಮ್ಮ ಕಡೆಯ ಅರಿಶಿನ. ಚಿಮ್ಮಡದ ಹೊಲಗಳಿಂದ ಗಡ್ಡೆ ತರಿಸಿಕೊಳ್ಳುತ್ತಿದ್ದೆ. ಅರಿಶಿನದ ಹಳದಿ ಬಣ್ಣ ಒಂದೇ ಪದಾರ್ಥವಲ್ಲ, ಒಂದನ್ನೊಂದು ತೀರ ಹೋಲುವ ಮೂರು ಪದಾರ್ಥಗಳ ಕೂಟ. ಅವನ್ನು ಬಿಡಿಸಲು ಸಾಮಾನ್ಯವಾಗಿ ಗಾಜಿನ ಕೊಳವೆಯಲ್ಲಿ ಸಿಲಿಕಾ ಎಂಬ ಬಿಳಿ ಪುಡಿ ತುಂಬಿ, ಮೇಲಿನಿಂದ ದ್ರಾವಣ ಇಳಿಸುತ್ತಾರೆ. ಆದರೆ ಒಂದಷ್ಟು ಹಳದಿ ಆ ಪುಡಿಗೇ ಅಂಟಿ ಹೋಗುತ್ತದೆ. ಎಷ್ಟು ತೊಳೆದರೂ ಮರಳಿ ಬರುವುದಿಲ್ಲ. ಕೌಂಟರ್‌ಕರೆಂಟ್ ಕ್ರೊಮಟಾಗ್ರಫಿ ಎಂಬ ಇನ್ನೊಂದು ವಿಧಾನದಲ್ಲಿ ಪುಡಿಯ ಗೊಡವೆಯೇ ಇಲ್ಲ. ಎಣ್ಣೆ ನೀರಿನ ಹಾಗೆ ಒಂದಕ್ಕೊಂದು ಬೆರೆಯದ ಎರಡು ದ್ರವಗಳು ಸಾಕು. ಕಾಲಂ ಎಂದರೆ ಇಲ್ಲಿ ನಿಂತ ಕೊಳವೆಯಲ್ಲ. ನೂರು ಮೀಟರಿಗೂ ಉದ್ದನೆಯ ಸಣ್ಣ ಟೆಫ್ಲಾನ್ ನಳಿಗೆಯನ್ನು ಒಂದು ಉರುಳೆಗೆ ಪದರು ಪದರಾಗಿ ಸುತ್ತಿರುತ್ತಾರೆ. ಆ ಉರುಳೆ ತನ್ನ ಸುತ್ತ ತಾನೂ ತಿರುಗುತ್ತದೆ, ನಡುವಿನ ಒಂದು ದಂಡದ ಸುತ್ತಲೂ ತಿರುಗುತ್ತದೆ. ಆ ಎರಡು ತಿರುಗಾಟದ ಬಲದಿಂದ ಒಂದು ದ್ರವ ನಳಿಗೆಯೊಳಗೇ ನಿಲ್ಲುತ್ತದೆ, ಇನ್ನೊಂದು ಅದರ ನಡುವೆ ಹಾಯ್ದು ಹೊರಗೆ ಬರುತ್ತದೆ. ಮೂರು ಹಳದಿಗಳಲ್ಲಿ ಯಾವುದಕ್ಕೆ ಒಳಗಿನ ದ್ರವ ಹೆಚ್ಚು ಒಗ್ಗುತ್ತದೋ ಅದು ತಡವಾಗಿ ಬರುತ್ತದೆ. ಏನೂ ಕಳೆದುಹೋಗುವುದಿಲ್ಲ.

ಸಿದ್ಧ ಯಂತ್ರ ಕೊಳ್ಳುವ ಶಕ್ತಿ ನಮ್ಮ ಕಾಲೇಜಿಗಿರಲಿಲ್ಲ. ಬನಹಟ್ಟಿಯಲ್ಲಿ ಪವರ್‌ಲೂಮಿನ ಬಿಡಿಭಾಗ ಮಾಡುವ ಲೇತ್ ಮಿಸ್ತ್ರಿಯೊಬ್ಬರಿದ್ದರು. ನಾನು ತೋರಿಸಿದ ನಕ್ಷೆ ನೋಡಿ ಅವರು ಅಲ್ಯೂಮಿನಿಯಮ್ಮಿನ ಉರುಳೆ, ಅದರ ಒಂದು ತುದಿಗೆ ಹಲ್ಲಿನ ಚಕ್ರ, ತಿರುಗುವ ಚೌಕಟ್ಟು ಎಲ್ಲವನ್ನೂ ಕೊರೆದು ಜೋಡಿಸಿದರು. ಎಲ್ಲ ಆಯಿತು. ನಳಿಗೆ ಸುತ್ತಲು ಹೋದರೆ ಮಾತ್ರ ಇಬ್ಬರಿಗೂ ಬರಲಿಲ್ಲ. ಟೆಫ್ಲಾನ್ ಜಾರುವ ವಸ್ತು. ಸಡಿಲ ಬಿಟ್ಟರೆ ಮೇಲಿನ ಪದರು ಕೆಳಗೆ ಕುಸಿಯುತ್ತದೆ, ಎಳೆದರೆ ನಳಿಗೆ ಚಪ್ಪಟೆಯಾಗುತ್ತದೆ. ಮೂರು ಸಲ ಸುತ್ತಿ ಮೂರು ಸಲ ಬಿಚ್ಚಿದೆವು. ಮಿಸ್ತ್ರಿ ಬೆವರು ಒರೆಸಿಕೊಂಡು ಹೇಳಿದರು:

"ಇದು ನಮ್ಮ ಕೆಲಸ ಅಲ್ರಿ ಸರ್. ರಬಕವ್ಯಾಗ ಒಬ್ಬಾಕಿ ಅದಾಳ. ಆಕಿ ಹೂಂ ಅಂದ್ರ ಆತು. ಊಹೂಂ ಅಂದ್ರ ನೀವು ಪರದೇಶದಿಂದನ ತರಸ್ರಿ."

ಹಾಗೆ ನಾನು ದೊಡ್ಡವ್ವನ ಎದುರು ಹೋಗಿ ನಿಂತೆ. ದೊಡ್ಡ ಮಗ್ಗದ ಮನೆ, ಹತ್ತು ಹನ್ನೆರಡು ಪವರ್‌ಲೂಮುಗಳು ಕಿವಿ ಕಿವುಡಾಗುವ ಹಾಗೆ ಬಡಿಯುತ್ತಿದ್ದವು. ಅದರ ಒಂದು ಬದಿಯಲ್ಲಿ ಸಾಲಾಗಿ ಕೂತ ಹೆಂಗಸರು ಕಂಡಿಕೆ ಸುತ್ತುತ್ತಿದ್ದರು. ಉಳಿದವರ ಮುಂದೆ ಮೋಟಾರಿನ ಯಂತ್ರ, ದೊಡ್ಡವ್ವನ ಮುಂದೆ ಮಾತ್ರ ಹಳೆಯ ಕಟ್ಟಿಗೆಯ ರಾಟೆ. ರೇಷ್ಮೆ ಬಂದರೆ ಅದು ಅವರ ರಾಟೆಗೇ ಹೋಗುತ್ತಿತ್ತು.

ನಳಿಗೆಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಹೊರಳಿಸಿದರು. ಮೂಸಿ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಕೇಳಿದರು:

"ಇದರಾಗ ಏನ ಹರೀತೈತಿ?"

"ಎರಡ ನಮೂನಿ ನೀರು ಅಂತ ತಿಳ್ಕೋರಿ ದೊಡ್ಡವ್ವ. ಒಂದಕ್ಕೊಂದು ಕೂಡಂಗಿಲ್ಲ."

"ಕೂಡಲಿಲ್ಲಂದ್ರ ಒಂದ ನಳಿಗ್ಯಾಗ ಹೆಂಗ ಇರ್ತಾವು?"

"ಒಂದು ನಿಂದರತೈತಿ. ಒಂದು ಹರದ ಹೋಗ್ತೈತಿ."

ನಳಿಗೆಯನ್ನು ಇನ್ನೊಮ್ಮೆ ಬೆರಳ ನಡುವೆ ಹೊರಳಿಸಿದರು. "ಹಂಗಾದ್ರ ಸುತ್ತು ಒಂದಕ್ಕೊಂದು ಸಮ ಇರಬೇಕು. ಒಂದ ಕಡೆ ಚಪ್ಪಟಿ ಆತಂದ್ರ ನಿಂತದ್ದೂ ಹರದ ಹೋಗ್ತೈತಿ," ಎಂದರು. ನನ್ನ ಮಾರ್ಗದರ್ಶಕರು ಎರಡು ತಿಂಗಳಲ್ಲಿ ನನಗೆ ತಿಳಿಸಿಕೊಟ್ಟದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಮರುದಿನ ಮಿಸ್ತ್ರಿ ಬಂದು ಉರುಳೆಯನ್ನು ರಾಟೆಯ ಕದಿರಿನ ಜಾಗದಲ್ಲಿ ಕೂರಿಸಿದರು. ದೊಡ್ಡವ್ವ ಮುಂಜಾನೆ ಕೂತವರು ಮಧ್ಯಾಹ್ನ ರೊಟ್ಟಿ ತಿನ್ನಲು ಮಾತ್ರ ಎದ್ದರು. ಹೊತ್ತು ಮುಳುಗುವ ಮೊದಲು ಮುಗಿಯಿತು. ಬಿಳಿ ನಳಿಗೆಯ ಹನ್ನೊಂದು ಪದರುಗಳು ಒಂದರ ಮೇಲೊಂದು ಹೊಂದಿಕೊಂಡು ಕೂತಿದ್ದವು. ನಾನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡೆ. ಅವರು ತಲೆ ಎತ್ತದೆ, "ಕೆಲಸದಾಗ ಯಾಕ್ರಿ ಫೋಟೋ?" ಎಂದರು.

ಒಂದು ಸಂಗತಿ ಮಾತ್ರ ನನ್ನ ಕಣ್ಣೆದುರೇ ಇದ್ದೂ ನಾನು ನೋಡಲಿಲ್ಲ. ದೊಡ್ಡವ್ವ ಎಡಗೈಯವರು. ಸಾಮಾನ್ಯವಾಗಿ ರಾಟೆಯ ಈಚೆ ಬದಿ ಕೂತು ಬಲಗೈಯಿಂದ ತಿರುಗಿಸುತ್ತಾರೆ, ಅವರು ಆಚೆ ಬದಿ ಕೂತು ಎಡಗೈಯಿಂದ ತಿರುಗಿಸುತ್ತಿದ್ದರು. ತವರು ಬೀಳಗಿಯಲ್ಲಿ ಸಾಲಿ ಮಾಸ್ತರರು ಆ ಕೈಯನ್ನು ಲಂಗದ ಲಾಡಿಗೆ ಕಟ್ಟಿ ಕೂರಿಸುತ್ತಿದ್ದರಂತೆ. ಮದುವೆಯಾಗಿ ಬಂದ ಮೇಲೆ ಅತ್ತೆಯೂ, "ಎಡಗೈಲೆ ರಾಟಿ ಮುಟ್ಟಬ್ಯಾಡ" ಎಂದು ಗದರಿದ್ದರಂತೆ. ಆಗ ಮಾವ ಅವರ ಕಂಡಿಕೆಯೊಂದನ್ನು ಲಾಳಿಗೆ ಹಾಕಿ ನೇಯ್ದು ನೋಡಿ, "ನೂಲಿಗೆ ಯಾವ ಕೈ ಅಂತ ಗೊತ್ತ ಆಗೂದಿಲ್ಲ. ಆಕಿನ್ನ ಆಕಿ ಪಾಡಿಗೆ ಬಿಡು" ಎಂದಿದ್ದರು. ಇದನ್ನೆಲ್ಲ ಸೊಸೆ ನನಗೆ ಹೇಳಿದ್ದು ಬಹಳ ತಡವಾಗಿ.

ನೂಲಿಗೆ ಗೊತ್ತಾಗುವುದಿಲ್ಲ ನಿಜ. ಆದರೆ ನನ್ನ ಯಂತ್ರಕ್ಕೆ ಗೊತ್ತಾಗುತ್ತದೆ. ನಳಿಗೆ ಉರುಳೆಯನ್ನು ಯಾವ ದಿಕ್ಕಿಗೆ ಸುತ್ತುತ್ತ ಹೋಗಿದೆ, ಉರುಳೆ ಯಾವ ದಿಕ್ಕಿಗೆ ತಿರುಗುತ್ತದೆ, ಇವೆರಡರ ಮೇಲೆ ನಳಿಗೆಯ ಎರಡು ತುದಿಗಳಲ್ಲಿ ಯಾವುದು ತಲೆ, ಯಾವುದು ಬಾಲ ಎಂಬುದು ನಿಂತಿದೆ. ನನ್ನ ಪ್ರಯೋಗದಲ್ಲಿ ಹಾಯ್ದು ಹೋಗಬೇಕಾದದ್ದು ಎರಡರಲ್ಲಿ ಭಾರದ ದ್ರವ, ಅದನ್ನು ತಲೆಯ ಕಡೆಯಿಂದ ಹಾಯಿಸಬೇಕು. ಬಾಲದ ಕಡೆಯಿಂದ ಹಾಯಿಸಿದರೆ ಒಳಗೆ ನಿಲ್ಲಬೇಕಾದ ದ್ರವ ಪೂರ್ತಿ ಕೊಚ್ಚಿಕೊಂಡು ಹೊರಗೆ ಬರುತ್ತದೆ. ನನ್ನ ನಕ್ಷೆ ಬಲಗೈ ಸುತ್ತಿನದು. ಅದನ್ನು ನೋಡಿ ನಾನು ತುದಿಗಳಿಗೆ ತಲೆ, ಬಾಲ ಎಂದು ಚೀಟಿ ಅಂಟಿಸಿದೆ. ಪಂಪು ಚಾಲು ಮಾಡಿದೆ.

ಒಳಗಿನದೆಲ್ಲ ಹೊರಗೆ ಬಂತು. ಮತ್ತೆ ತುಂಬಿದೆ, ಮತ್ತೆ ಬಂತು. ವೇಗ ಹೆಚ್ಚಿಸಿದೆ, ಕಡಿಮೆ ಮಾಡಿದೆ, ದ್ರವಗಳ ಪ್ರಮಾಣ ಬದಲಿಸಿದೆ. ಮೂರು ವಾರ ಹೀಗೇ ನಡೆಯಿತು. ಮಾರ್ಗದರ್ಶಕರು ಫೋನಿನಲ್ಲಿ, "ಸುತ್ತು ಸರಿಯಿಲ್ಲ, ಹಳ್ಳಿಯವರ ಕೈಯಲ್ಲಿ ಇಂಥದ್ದನ್ನು ಮಾಡಿಸಬಾರದಿತ್ತು" ಎಂದರು. ನನಗೂ ಅದೇ ಬೇಕಾಗಿತ್ತು. ನನ್ನದಲ್ಲದ ಒಂದು ತಪ್ಪು.

ಉರುಳೆ ತೆಗೆದುಕೊಂಡು ಮಗ್ಗದ ಮನೆಗೆ ಹೋದೆ. ಮಗ್ಗಗಳು ಬಡಿಯುತ್ತಿದ್ದವು. ಕೇಳಿಸಬೇಕೆಂದರೆ ಒದರಲೇಬೇಕು. ಸಿಟ್ಟೂ ಇತ್ತು.

"ಇದು ನಿಂದರಾಕತ್ತಿಲ್ಲ ದೊಡ್ಡವ್ವ!"

"ಏನ?"

"ನಿಂದರಾಕತ್ತಿಲ್ಲ! ಎಲ್ಲಾ ಹೊರಗ ಬರಾಕತ್ತೈತಿ!"

ಅವರು ಕಿವಿಯ ಹತ್ತಿರ ಕೈ ಹಿಡಿದರು. ನಾನು ಇನ್ನೂ ಜೋರಾಗಿ ಕೂಗಲು ಬಾಯಿ ತೆರೆದೆ. ಅದೇ ಗಳಿಗೆಗೆ ಕರೆಂಟು ಹೋಯಿತು. ಹನ್ನೆರಡು ಮಗ್ಗಗಳು ಒಟ್ಟಿಗೇ ನಿಂತವು. ಆ ನಿಶ್ಶಬ್ದದಲ್ಲಿ ನನ್ನ ಮಾತು ಆ ತುದಿಯಿಂದ ಈ ತುದಿಯವರೆಗೆ ಕೇಳಿಸಿತು.

"ನಿಮ್ಮ ಕೈ ಕೆಟ್ಟೈತಿ! ಇನ್ನ ನಿಮಗ ಸುತ್ತಾಕ ಬರಂಗಿಲ್ಲ!"

ನೇಕಾರರೊಬ್ಬರು ಮಗ್ಗದ ಹಿಂದಿನಿಂದ ಕತ್ತು ಚಾಚಿ ನೋಡಿದರು. ಮಗ್ಗದ ಮನೆಯ ಮಾಲಕರು ಬಾಗಿಲಲ್ಲಿ ನಿಂತಿದ್ದರು. ದೊಡ್ಡವ್ವ ಉರುಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸುತ್ತಿನ ಮೇಲೆ ಹೆಬ್ಬೆರಳು ಆಡಿಸಿದರು, ಈ ಅಂಚಿನಿಂದ ಆ ಅಂಚಿನವರೆಗೆ. ಆ ಹೊತ್ತು ಅವರು ಸೆರಗಿಗೆ ಕೈ ಒರೆಸಿಕೊಳ್ಳಲಿಲ್ಲ.

"ನನ್ನ ಬಟ್ಟಿಗೆ ಏನೂ ಹತ್ತವೊಲ್ದು," ಎಂದರು. ಬೆರಳಿಗೆ ಅವರು ಬಟ್ಟಿ ಎನ್ನುತ್ತಿದ್ದರು. "ಆದ್ರ ನೀವು ಕಲ್ತವ್ರು ಹೇಳಾಕತ್ತೀರಿ. ಹಂಗಾದ್ರ ಬಿಚ್ಚರಿ."

ನಾನು ಬಿಚ್ಚಿದೆ. ಅವರು ಒಂದು ದಿನ ಕೂತು ಸುತ್ತಿದ್ದನ್ನು ನಾನೂ ಮಿಸ್ತ್ರಿಯೂ ಒಂದು ತಾಸಿನಲ್ಲಿ ಬಿಚ್ಚಿ, ನಮಗೆ ಬಂದ ಹಾಗೆ ಸುತ್ತಿದೆವು. ಅಲ್ಲಲ್ಲಿ ಕುಸಿದಿತ್ತು, ಎರಡು ಕಡೆ ಚಪ್ಪಟೆಯಾಗಿತ್ತು. ನೋಡಿದರೆ ನಾಚಿಕೆಯಾಗುವಂಥ ಸುತ್ತು.

ಯಂತ್ರಕ್ಕೆ ಹಾಕಿದರೆ ಅದರಲ್ಲಿ ಕಾಲು ಭಾಗದಷ್ಟು ದ್ರವ ನಿಂತಿತು.

ಮೊದಲು ಖುಷಿಯಾಯಿತು. ಪರೀಕ್ಷೆ, ಪೇಪರು ತಿದ್ದುವುದು, ರಜೆಯಲ್ಲಿ ಲೋಕಾಪುರದ ನಮ್ಮ ಮನೆ ಎಂದು ತಿಂಗಳುಗಳು ಹೋದವು. ನಡುನಡುವೆ ಆ ಕುಸಿದ ಸುರುಳಿಯಲ್ಲೇ ಏನೇನೋ ಮಾಡುತ್ತಿದ್ದೆ. ಮೂರು ಹಳದಿಗಳು ಒಂದರೊಳಗೊಂದು ಸಿಕ್ಕಿಕೊಂಡೇ ಬರುತ್ತಿದ್ದವು. ಒಂದು ದಿನ ಅಳತೆಯ ಜಾಡಿ ತೊಳೆಯುತ್ತ ನಿಂತಾಗ ಒಂದು ಪ್ರಶ್ನೆ ಹೊಳೆಯಿತು. ಇಷ್ಟು ಕೆಟ್ಟ ಸುತ್ತಿನಲ್ಲಿ ಕಾಲು ಭಾಗ ನಿಲ್ಲುವುದಾದರೆ, ಅಷ್ಟು ಒಳ್ಳೆಯ ಸುತ್ತಿನಲ್ಲಿ ಒಂದು ಹನಿಯೂ ಯಾಕೆ ನಿಲ್ಲಲಿಲ್ಲ?

ಮೊಬೈಲು ತೆಗೆದು ಆ ಹಳೆಯ ಫೋಟೋ ನೋಡಿದೆ. ರಾಟೆಯ ಆಚೆ ಬದಿ ಕೂತ ದೊಡ್ಡವ್ವ. ಹಿಡಿಕೆಯ ಮೇಲೆ ಎಡಗೈ. ನಳಿಗೆ ಉರುಳೆಯ ಮೇಲೆ ಬೀಳುತ್ತಿದ್ದುದು ನನ್ನ ನಕ್ಷೆಗೆ ತದ್ವಿರುದ್ಧವಾದ ದಿಕ್ಕಿನಿಂದ.

ನನ್ನ ಸುತ್ತಿನದೇ ತುದಿಗಳನ್ನು ಅದಲುಬದಲು ಮಾಡಿ ಪಂಪು ಚಾಲು ಮಾಡಿದೆ. ಎಲ್ಲವೂ ಹೊರಗೆ ಬಂತು. ಮೂರು ವಾರ ನೋಡಿದ್ದ ಅದೇ ಆಟ. ಅಂದರೆ ಅವರ ಉರುಳೆಯಲ್ಲಿ ಎರಡು ಚೀಟಿಗಳನ್ನು ಕಿತ್ತು ಆಚೆಯದನ್ನು ಈಚೆ ಅಂಟಿಸಿದ್ದರೆ ಸಾಕಿತ್ತು. ಸ್ಟೂಲಿನ ಮೇಲೆ ಕೂತೆ. ಕೂತವನಿಗೆ ಎದ್ದು ಮೋಟಾರು ಬಂದ್ ಮಾಡುವ ನೆನಪೂ ಆಗಲಿಲ್ಲ.

ಮಾರನೆಯ ದಿನ ಮಗ್ಗದ ಮನೆಗೆ ಹೋದರೆ ರಾಟೆಯ ಮುಂದೆ ಸೊಸೆ ಕೂತಿದ್ದಳು, ಈಚೆ ಬದಿಗೆ.

"ಅತ್ತಿ ಈಗ ಬರೂದಿಲ್ರಿ," ಎಂದಳು. ತಲೆ ಎತ್ತದೆ ಹೇಳಿದಳು: "ನೀವು ಅಂದ ಹೋದ ಮ್ಯಾಲ ಎಂಟ ದಿನ ಬಂದ್ರು. ಒಂದೊಂದು ಕಂಡಿಕಿ ಸುತ್ತಿ ನಾಕ ನಾಕ ಸಲ ಬಿಚ್ಚಿ ನೋಡತಿದ್ರು. ಮಾಲಕ್ರೂ ರೇಷ್ಮಿ ಬ್ಯಾರೇದವ್ರಿಗೆ ಕೊಡಾಕ ಹತ್ತಿದ್ರು. ಒಂದ ದಿನ ನನ್ನ ಕರದು, ನನ್ನ ಕೈ ಹ್ವಾದೂವಾ, ರಾಟಿ ನೀ ತಗೋ ಅಂದ್ರು. ನಾಕ ತಿಂಗಳಾತ್ರಿ."

ಮನೆ ಹತ್ತಿರವೇ ಇತ್ತು. ದೊಡ್ಡವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಕೂರಲು ಹೇಳಿದರು. ನಾನು ಕೂರದೆ, ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಎಡಗೈ, ದಿಕ್ಕು, ಚೀಟಿ, ಫೋಟೋ. ಅವರು ಮೊರವನ್ನು ತೊಡೆಯ ಮೇಲಿಂದ ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಅಂದ್ರ ನನ್ನ ಕೈದು ತಪ್ಪಿಲ್ಲ."

"ಇಲ್ರಿ. ತಪ್ಪು ನಂದು. ಕಾಲ ಬೀಳ್ತೇನ್ರಿ ದೊಡ್ಡವ್ವ."

"ಕಾಲ ಬೀಳಬ್ಯಾಡ್ರಿ. ಇದನ್ನ ಇಲ್ಲಿ ಬಂದು ಯಾಕ ಹೇಳಾಕತ್ತೀರಿ? ಅಲ್ಲಿ ಅಂದೀರಿ. ಅಲ್ಲಿ ಬಂದ ಹೇಳ್ರಿ."

ಎದ್ದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ನಾನು ಹಿಂದೆ ಹೋದೆ. ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಮಾಲಕರಿಗೆ, "ಒಂದ ಐದ ಮಿನಿಟು ಮಗ್ಗ ಬಂದ್ ಮಾಡಸ್ರಿ. ಸರ್ ಏನೋ ಹೇಳ್ತಾರಂತ" ಎಂದರು. ಮಾಲಕರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಗೋಡೆಯ ದೊಡ್ಡ ಸ್ವಿಚ್ಚು ಕೆಳಗೆ ಎಳೆದರು.

ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಅವತ್ತಿನ ಹಾಗೆ ನಾಲಿಗೆ ಒಣಗಿದ್ದು ಇನ್ನೊಮ್ಮೆ ಇಲ್ಲ. "ನಾಕ ತಿಂಗಳ ಹಿಂದ ದೊಡ್ಡವ್ವನ ಕೈ ಕೆಟ್ಟೈತಿ ಅಂತ ನಾ ಇಲ್ಲಿ ನಿಂತು ಒದರಿದ್ದೆ. ಅದು ಸುಳ್ಳು. ಅವರು ಸುತ್ತಿದ್ದು ಖರೇನ ಛಲೋ ಇತ್ತು. ನಾ ಮಷೀನಿಗೆ ಹಿಂದ ಮುಂದ ಜೋಡಿಸಿದ್ದೆ. ತಪ್ಪು ನಂದು," ಎಂದೆ.

ಸಾಲಿನಲ್ಲಿದ್ದ ಒಬ್ಬ ಹೆಂಗಸು ಕೇಳಿದಳು: "ಹಂಗಾದ್ರ ದೊಡ್ಡವ್ವನ ಸುತ್ತು ಬರೋಬ್ಬರಿ ಇತ್ತೇನ್ರಿ?"

"ಬರೋಬ್ಬರಿ ಇತ್ತು."

"ಮತ್ತ ನೀವು ಬಿಚ್ಚಿ ಒಗದ್ರಿ?"

"ಹೂಂ. ಬಿಚ್ಚಿ ಒಗದೆ."

ದೊಡ್ಡವ್ವ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. "ಆತು. ಮಗ್ಗ ಚಾಲೂ ಮಾಡ್ರಿ," ಎಂದರು. ಮತ್ತೆ ಸದ್ದು ತುಂಬಿಕೊಂಡಿತು. ನನ್ನ ಹತ್ತಿರ ಬಂದು ಕಿವಿಯಲ್ಲಿ, "ನಳಿಗಿ ಯಾವಾಗ ತರ್ತೀರಿ?" ಎಂದು ಕೇಳಿದರು.

ನಾನು ತಂದೆ. "ನಿಮ್ಮ ಕೈ ಹೆಂಗ ಹೋಗ್ತೈತಿ ಹಂಗ ಸುತ್ರಿ, ಮಷೀನ್ ನಾ ತಿರುವಿ ಹಾಕ್ಕೋತೀನಿ" ಎಂದೆ. "ಹಂಗ ಅಲ್ದ ಇನ್ನ ಹೆಂಗ ಸುತ್ತಲಿ?" ಎಂದರು. ನಾಲ್ಕು ತಿಂಗಳು ರಾಟೆ ಮುಟ್ಟಿರಲಿಲ್ಲ. ಮೊದಲ ಪದರು ಅವರ ಮನಸ್ಸಿಗೆ ಬರಲಿಲ್ಲ, ಬಿಚ್ಚಿದರು. ಎರಡನೆಯ ಸಲವೂ ಬಿಚ್ಚಿದರು. ನನಗೆ ಎರಡೂ ಸಲ ಏನೂ ತಪ್ಪು ಕಾಣಲಿಲ್ಲ. ಆದರೆ ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ. ಮೂರನೆಯ ಸಲ ಕೂತವರು ಎರಡು ದಿನ ಸುತ್ತಿದರು. ಪಕ್ಕದಲ್ಲಿ ಕೂತು ನಳಿಗೆ ಬಿಡುತ್ತಿದ್ದ ಸೊಸೆಗೆ ಆಗಾಗ ಒಂದೇ ಮಾತು: "ಜಗ್ಗಬ್ಯಾಡ. ಬಿಡಬ್ಯಾಡ." ಆಕೆಗೆ ಅತ್ತೆಯ ಹೆದರಿಕೆ ಬಹಳ. ಒಮ್ಮೆ ಕೈ ತಪ್ಪಿ ನಳಿಗೆ ನೆಲಕ್ಕೆ ತಾಗಿದಾಗ ದೊಡ್ಡವ್ವ ರಾಟೆ ನಿಲ್ಲಿಸಿ ನೋಡಿದ ನೋಟಕ್ಕೆ ನಾನೇ ಎದ್ದು ನಿಂತಿದ್ದೆ. ಮೃದು ಸ್ವಭಾವದವರೆಂದು ನಾನು ಅವರನ್ನು ಹೊಗಳಲಾರೆ. ಚಹಾ ಹಿಡಿದುಕೊಂಡು ರಾಟೆಯ ಹತ್ತಿರ ಬಂದವರು ಮಾಲಕರೇ ಆದರೂ ಬೈದು ಕಳಿಸುತ್ತಿದ್ದರು.

ಈ ಸಲ ಯಂತ್ರ ನಡೆಯುವಾಗ ತಾವೂ ನೋಡಬೇಕೆಂದರು. ಸೊಸೆಯ ಜೊತೆ ಬಸ್ಸಿನಲ್ಲಿ ಜಮಖಂಡಿಗೆ ಬಂದರು. ಕಿಟಕಿಗಳನ್ನೆಲ್ಲ ತೆರೆದು ಗಾಳಿ ಬರುವ ಕಡೆ ಅವರಿಗೆ ಕುರ್ಚಿ ಹಾಕಿದೆ. ಮೋಟಾರು ಚಾಲು ಮಾಡಿದ ಕೂಡಲೇ ಅವರು ಎದ್ದು ಬಂದು ಯಂತ್ರದ ಮುಚ್ಚಳದ ಮೇಲೆ ಅಂಗೈ ಇಟ್ಟರು.

"ಒಂದ ಕಡೆ ಜಗ್ಗಾಕತ್ತೈತಿ. ಎದುರಿಗೆ ವಜ್ಜಾ ಕಮ್ಮಿ ಐತಿ."

ನಿಲ್ಲಿಸಿ ನೋಡಿದೆ. ಉರುಳೆಗೆ ಎದುರಾಗಿ ಸಮತೂಕಕ್ಕೆಂದು ಕಟ್ಟಿದ್ದ ಕಬ್ಬಿಣದ ತುಂಡು ಹಿಂದಿನ ಸುತ್ತಿನ ತೂಕಕ್ಕೆ ಹೊಂದಿಸಿದ್ದು. ಈ ಸುತ್ತಿನಲ್ಲಿ ನಳಿಗೆ ಹೆಚ್ಚು ಹಿಡಿದಿತ್ತು. ಸರಿ ಮಾಡಿದೆ. ತುದಿಗಳನ್ನು ಈ ಸಲ ನನ್ನ ಕೈಯಿಂದ ಎರಡೆರಡು ಸಲ ನೋಡಿ ಜೋಡಿಸಿದೆ. ಪಂಪು ಹಾಕಿ ಅಳತೆಯ ಜಾಡಿಯ ಮುಂದೆ ಕೂತೆ. ಸ್ವಲ್ಪ ದ್ರವ ಬಂತು, ಆಮೇಲೆ ನಿಂತಿತು. ಮುಕ್ಕಾಲು ಭಾಗ ಒಳಗೇ ಉಳಿದಿತ್ತು.

"ನಿಂತೈತಿ ದೊಡ್ಡವ್ವ," ಎಂದೆ.

"ಹೂಂ," ಎಂದರು ಅಷ್ಟೇ.

ಅರಿಶಿನದ ದ್ರಾವಣ ಬಿಟ್ಟು ನಾಲ್ಕು ತಾಸು ಕಾದೆವು. ಸಾಲಾಗಿ ಇಟ್ಟ ಗಾಜಿನ ನಳಿಕೆಗಳಲ್ಲಿ ಮೊದಲು ಗಾಢ ಹಳದಿ ಬಂತು, ತೆಳುವಾಯಿತು. ನಡುವೆ ನಾಲ್ಕಾರು ನಳಿಕೆ ಬಣ್ಣವಿಲ್ಲದೆ ಬಂದವು. ಮತ್ತೆ ಹಳದಿ ಏರಿತು. ಆಮೇಲೆ ಮೂರನೆಯದು. ದೊಡ್ಡವ್ವ ನಳಿಕೆಗಳ ಸಾಲಿನ ಮುಂದೆ ಬಗ್ಗಿ ಒಂದೊಂದನ್ನೇ ನೋಡುತ್ತ ಹೋದರು. ಎರಡನೆಯದೂ ಮೂರನೆಯದೂ ಕೂಡುವ ಜಾಗದಲ್ಲಿ ನಿಂತರು.

"ಇಲ್ಲಿ ಇನ್ನೂ ಪೂರಾ ಬಿಟ್ಟಿಲ್ಲ."

"ಹೌದ್ರಿ. ನಳಿಗಿ ಇನ್ನೊಂಚೂರು ಉದ್ದ ಬೇಕಿತ್ತು."

"ಹಂಗಾದ್ರ ಮ್ಯಾಲ ಇನ್ನ ಎರಡ ವರಸಿ ಹಾಕೂಣು. ಜಾಗಾ ಐತಿ."

ಆ ಎರಡು ಪದರು ಹಾಕಿದ ಮೇಲೆ ಮೂರೂ ಬೇರೆಯಾದವು. ನನ್ನ ಪ್ರಬಂಧ ನಿಂತದ್ದು ಅದರ ಮೇಲೆ. ಆದರೆ ಲೂಮಿನ ಕಂಡಿಕೆಗೆ ದೊಡ್ಡವ್ವ ಮತ್ತೆ ಕೂರಲಿಲ್ಲ. ಮಾಲಕರು ತಾವೇ ಮನೆಗೆ ಹೋಗಿ ಕರೆದರಂತೆ. "ಸೊಸಿ ಕಲ್ತಾಳ. ಆಕಿನ್ನ ಎಬ್ಬಿಸಿ ನಾ ಹೆಂಗ ಕುಂದರಲಿ?" ಎಂದರಂತೆ.

ಪ್ರಬಂಧ ಬರೆಯುವಾಗ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಹಾಕಬೇಕೆಂದು ಕೇಳಲು ಹೋದೆ.

"ಹೆಸರ ಬ್ಯಾಡ್ರಿ. ನನ್ನ ಹೆಸರ ತಗೊಂಡು ಅವರೇನ ಮಾಡ್ತಾರ? ಸುತ್ತಿನ ತಪ್ಪಲ್ಲ ಅಂತ ಬರೀರಿ. ಅಷ್ಟ ಬರೀರಿ."

ಬರೆದೆ. ಕಾಲಂ ವಿನ್ಯಾಸದ ಅಧ್ಯಾಯದಲ್ಲಿ ಒಂದು ವಾಕ್ಯ: ಮೊದಲ ಸುರುಳಿಯ ವೈಫಲ್ಯಕ್ಕೆ ಸುತ್ತು ಕಾರಣವಲ್ಲ, ಅದು ಎಡಗೈ ಸುತ್ತಾಗಿತ್ತು, ತಲೆ ಬಾಲಗಳನ್ನು ಗುರುತಿಸುವಲ್ಲಿ ಈ ಲೇಖಕ ತಪ್ಪಿದ್ದಾನೆ. ಮಾರ್ಗದರ್ಶಕರು ಅದರ ಕೆಳಗೆ ಗೆರೆ ಎಳೆದು, "ಇದು ಯಾಕೆ? ತಪ್ಪನ್ನು ಯಾರಾದರೂ ಪ್ರಬಂಧದಲ್ಲಿ ಹಾಕುತ್ತಾರೆಯೇ?" ಎಂದರು. ತೆಗೆಯುವುದಿಲ್ಲ ಎಂದೆ. ಜೀವನದಲ್ಲಿ ಅವರಿಗೆ ನಾನು ಎದುರು ಹೇಳಿದ್ದು ಅದೊಂದೇ ಸಲ. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಆ ಪುಟವನ್ನೇ ತೆರೆದು, "ಎಲ್ಲರೂ ಮಾಡುವ ತಪ್ಪು ಇದು, ಅದನ್ನು ಬರೆದವರನ್ನು ಇದೇ ಮೊದಲ ಸಲ ಕಂಡೆ" ಎಂದರು. ಅದನ್ನು ಹೊಗಳಿಕೆಯೆಂದು ತೆಗೆದುಕೊಳ್ಳಲು ನನಗಾಗಲಿಲ್ಲ.

ದೊಡ್ಡವ್ವನನ್ನು ಕೊನೆಯ ಸಲ ನೋಡಿದ್ದು ಹೋದ ಬೇಸಿಗೆಯಲ್ಲಿ. ದಮ್ಮು ಹೆಚ್ಚಾಗಿ ಮುಧೋಳದ ಆಸ್ಪತ್ರೆಯಲ್ಲಿ ಇಟ್ಟಿದ್ದರು. ರಟ್ಟು ಕಟ್ಟಿದ ಪ್ರಬಂಧವನ್ನು ತೆಗೆದುಕೊಂಡು ಹೋಗಿದ್ದೆ. ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ, "ಎಲ್ಲಿ ಬರದೀರಿ, ತೋರಸ್ರಿ" ಎಂದರು. ತೋರಿಸಿದೆ. ಇಂಗ್ಲಿಷಿನ ಸಾಲಿನ ಮೇಲೆ ಬೆರಳಿಟ್ಟು, "ಇದಾ?" ಎಂದರು. ಕನ್ನಡದಲ್ಲಿ ಹೇಳಿದೆ. ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ಉಸಿರು ಸುಧಾರಿಸಿಕೊಂಡು ಕೇಳಿದರು:

"ಇದನ್ನ ಓದಿದವ್ರಿಗೆ ತಿಳೀತೈತಿ, ನನ್ನ ಕೈ ಕೆಟ್ಟಿರಲಿಲ್ಲ ಅಂತ?"

"ತಿಳೀತೈತ್ರಿ."

"ಛಲೋ ಆತು." ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಆದ್ರ ಆ ನಾಕ ತಿಂಗಳು ನಾ ಖರೇನ ನನ್ನ ಕೈ ಹ್ವಾದೂ ಅಂತ ತಿಳಕೊಂಡಿದ್ನಿ. ದಿನಾ ಮುಂಜಾನೆದ್ದು ಕೈ ನೋಡ್ಕೋತ ಕುಂದರತಿದ್ನಿ. ಅದನ್ನ ಎಲ್ಲಿ ಬರದೀರಿ?"

ಅವರು ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಯಾವ ಪುಟದಲ್ಲಿದೆ ಎಂದು ತಿಳಿದುಕೊಳ್ಳಲು ಕೇಳಿದ್ದರು. ಸೊಸೆ ನನ್ನ ಮುಖ ನೋಡಿದಳು.

ಎಲ್ಲೂ ಬರೆದಿಲ್ಲ ಎಂದೆ.